ಕಾಯಿ ಕೊಟ್ಟು ಗೆದ್ದವರ ಊರುಗಳಲ್ಲಿ

ಪೋಲೆಂಡಿನ ವ್ರೋಟ್ಸ್‌ವಾಫ್ ನಗರದಲ್ಲಿ ಓಡರ್ ನದಿ ದಾಟಿ ಉತ್ತರಕ್ಕೆ ಹೋದರೆ ಓಸೊಬೊವಿಟ್ಸೆ ಎಂಬ ವಿಶಾಲವಾದ ಸ್ಮಶಾನ ಸಿಗುತ್ತದೆ. ಒಳಗೆ ಹೊಕ್ಕವರಿಗೆ ಇದು ಸ್ಮಶಾನವೋ ತೋಪೋ ಎಂದು ಅನುಮಾನ ಬರುವಷ್ಟು ಮರಗಳು. ಅಡಾಲ್ಫ್ ಆಂಡರ್ಸೆನ್ ಅವರ ಸಮಾಧಿ ಇರುವುದು ಇಲ್ಲಿ. ಚೆಸ್ ಸಮಸ್ಯೆಗಳ ಪುಸ್ತಕ ಹಿಡಿದು ನಿದ್ದೆಗೆಟ್ಟವರು ಯಾವ ದೇಶದವರೇ ಆಗಲಿ, ಈ ಹೆಸರು ಕೇಳಿರುತ್ತಾರೆ. ಇರುವ ಕಾಯಿಗಳನ್ನೆಲ್ಲ ಎದುರಾಳಿಗೆ ಕೊಟ್ಟು, ಉಳಿದ ಎರಡು ಮೂರರಿಂದಲೇ ರಾಜನನ್ನು ಕಟ್ಟಿಹಾಕುವ ಆಟಕ್ಕೆ ಇವರಿಗಿಂತ ದೊಡ್ಡ ಹೆಸರಿಲ್ಲ.

ಆಂಡರ್ಸೆನ್ ಹುಟ್ಟಿದ್ದು 1818ರಲ್ಲಿ, ಇದೇ ಊರಿನಲ್ಲಿ. ಆಗ ಇದು ಪ್ರಶ್ಯಾಕ್ಕೆ ಸೇರಿದ್ದ ಬ್ರೆಸ್ಲಾವ್. ಇಲ್ಲಿಯ ಶಾಲೆಯಲ್ಲಿ ಗಣಿತ ಕಲಿಸುತ್ತಾ ಬದುಕಿದ ಮೇಷ್ಟರು, 1879ರಲ್ಲಿ ಇಲ್ಲಿಯೇ ತೀರಿಕೊಂಡರು. ಎರಡನೆಯ ಮಹಾಯುದ್ಧ ಮುಗಿದಾಗ ನಗರದ ಬಹುಭಾಗ ನೆಲಸಮವಾಗಿತ್ತು. ಗಡಿ ಸರಿದು ಊರು ಪೋಲೆಂಡಿನ ಪಾಲಾಯಿತು. ಜರ್ಮನ್ನರು ಹೊರಟುಹೋದರು, ಪೋಲಿಷ್ ಜನ ಬಂದು ನೆಲೆಸಿದರು. ಯುದ್ಧದಲ್ಲಿ ಸೋತು ಹೋದವರ ಗೋರಿಗಳನ್ನು ಯಾರು ನೋಡಿಕೊಳ್ಳುತ್ತಾರೆ? ಆದರೆ 1957ರಲ್ಲಿ ಪೋಲೆಂಡಿನ ಚೆಸ್ ಸಂಘದವರು ಈ ಜರ್ಮನ್ ಮೇಷ್ಟರ ಸಮಾಧಿಯನ್ನು ಹಳೆಯ ಜಾಗದಿಂದ ಎತ್ತಿ ಇಲ್ಲಿಗೆ ತಂದರು. ಯುದ್ಧ ಮುಗಿದು ಆಗಿನ್ನೂ ಹನ್ನೆರಡೇ ವರ್ಷ. ಅದರ ಮುಂದೆ ನಿಂತಾಗ ನನಗೆ ಮೊದಲು ಬಂದ ಯೋಚನೆ ಚೆಸ್ಸಿನದಲ್ಲ. ಅಷ್ಟು ದೊಡ್ಡ ಗಾಯದ ನಡುವೆಯೂ ಒಂದು ಆಟದ ಋಣವನ್ನು ಮರೆಯದ ಆ ಜನರ ಬಗ್ಗೆ ಎದೆ ತುಂಬಿ ಬಂತು.

ಆಂಡರ್ಸೆನ್ ತಮ್ಮ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, 1842ರಲ್ಲಿ, ತಾವೇ ರಚಿಸಿದ 60 ಚೆಸ್ ಸಮಸ್ಯೆಗಳ ಪುಸ್ತಕ ತಂದರು. ಅದೇ ಕಾಲದಲ್ಲಿ ನಮ್ಮ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು, ಒಂದೇ ಕುದುರೆ 64 ಮನೆಗಳನ್ನೂ ತಲಾ ಒಂದು ಸಲ ಮೆಟ್ಟಿ ಬರುವ ಬಂಧಗಳನ್ನು ಹೆಣೆಯುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಆದರೂ ಒಂದೇ ಹಲಗೆಯ ಮೇಲೆ ಅರಮನೆಯಲ್ಲಿ ಒಬ್ಬರು, ಶಾಲೆಯ ಕೋಣೆಯಲ್ಲಿ ಇನ್ನೊಬ್ಬರು ಬಗ್ಗಿ ಕೂತಿದ್ದ ಚಿತ್ರ ನನಗೆ ಬಹಳ ಇಷ್ಟ.

ಹೊರಗೆ ಟ್ರಾಮ್ ಕಾಯುವ ಬೆಂಚಿನ ಮೇಲೆ ಕೂತು, ಚೀಲದಲ್ಲಿದ್ದ ಆಯಸ್ಕಾಂತದ ಮಡಿಚು ಬೋರ್ಡು ಬಿಡಿಸಿದೆ. 1851ರ ಜೂನ್ 21ರಂದು ಲಂಡನ್ನಿನಲ್ಲಿ ಆಂಡರ್ಸೆನ್ ಆಡಿದ ಆಟ ಅದರ ಮೇಲಿತ್ತು. ಮೊದಲ ಅಂತರರಾಷ್ಟ್ರೀಯ ಪಂದ್ಯಾವಳಿಗೆ ಅಲ್ಲಿಗೆ ಹೋಗಿದ್ದ ಅವರು, ಬಿಡುವಿನಲ್ಲಿ ಕೀಸರಿಟ್ಸ್ಕಿ ಎಂಬವರೊಡನೆ ಸುಮ್ಮನೆ ಕೂತು ಆಡಿದ್ದು. ಜಗತ್ತು ಇದನ್ನು ‘ಅಮರ ಆಟ’ ಎಂದು ಕರೆಯುತ್ತದೆ. ಬಿಳಿ ಕಾಯಿ ಹಿಡಿದ ಆಂಡರ್ಸೆನ್ ಮೊದಲು ಒಂದು ಒಂಟೆ ಕೊಡುತ್ತಾರೆ, ಆಮೇಲೆ ಎರಡೂ ಆನೆ ಕೊಡುತ್ತಾರೆ, ಕೊನೆಗೆ ರಾಣಿಯನ್ನೂ ಕೊಡುತ್ತಾರೆ. ಮುಂದಿನ ನಡೆಯಲ್ಲೇ ಕಪ್ಪು ರಾಜ ಸತ್ತಿರುತ್ತಾನೆ. ಕೊನೆಯ ಸ್ಥಿತಿಯಲ್ಲಿ ಕಪ್ಪಿನವರ ರಾಣಿ, ಎರಡು ಆನೆ, ಎರಡು ಒಂಟೆ, ಎರಡು ಕುದುರೆ ಎಲ್ಲವೂ ಬೋರ್ಡಿನ ಮೇಲೆ ಜೀವಂತ! ಅವರು ಕಳೆದುಕೊಂಡದ್ದು ಮೂರೇ ಕಾಲಾಳು. ಬಿಳಿಯ ಕಡೆ ಕಾಲಾಳುಗಳನ್ನು ಬಿಟ್ಟರೆ ರಾಜನ ಜೊತೆ ಉಳಿದಿರುವುದು ಎರಡು ಕುದುರೆ, ಒಂದು ಒಂಟೆ. ಆ ಮೂರೇ ಸಾಕಾಗಿವೆ.

ಇದು ಹೇಗೆ ಸಾಧ್ಯ ಎಂಬುದಕ್ಕೆ ಉತ್ತರ ಬೋರ್ಡಿನ ಮೂಲೆಗಳಲ್ಲಿದೆ. ಕಪ್ಪು ರಾಣಿ ಆನೆಯೊಂದನ್ನು ಹೊಡೆಯಲು ಬಿಳಿಯ ಎಡಮೂಲೆಗೆ ಹೋಗಿ ನಿಂತಿದ್ದಾಳೆ. ಒಂಟೆ ಇನ್ನೊಂದು ಆನೆಯ ಆಸೆಗೆ ಬಲಗಡೆಯ ಅಂಚಿಗೆ ಹೋಗಿದೆ. ಆನೆಗಳು ಹುಟ್ಟಿದ ಮನೆ ಬಿಟ್ಟು ಕದಲಿಲ್ಲ. ರಾಜನ ಸುತ್ತ ಏನು ನಡೆಯುತ್ತಿದೆಯೋ ಅಲ್ಲಿಗೆ ಬರಲು ಇವರಲ್ಲಿ ಯಾರಿಗೂ ದಾರಿಯಿಲ್ಲ. ಆಂಡರ್ಸೆನ್ ಕೊಟ್ಟ ಆನೆಗಳು ಎದುರಾಳಿಯ ದೊಡ್ಡ ಕಾಯಿಗಳನ್ನು ದೂರ ಕರೆದುಕೊಂಡು ಹೋದವು. ಆಕ್ರಮಣದ ಸಮಸ್ಯೆ ಬಿಡಿಸುವಾಗ ನಾನು ಈಗ ಕಾಯಿಗಳ ಬೆಲೆ ಕೂಡುವುದೇ ಇಲ್ಲ. ರಾಜನ ಪಕ್ಕದಲ್ಲಿ ಯಾರಿದ್ದಾರೆ, ಎರಡು ನಡೆಯೊಳಗೆ ಯಾರು ಬಂದು ಸೇರಬಲ್ಲರು ಎಂದು ಮಾತ್ರ ನೋಡುತ್ತೇನೆ.

ಸಂಜೆ ಊರಿನ ನಡುವಿನ ರಿನೆಕ್ ಚೌಕಕ್ಕೆ ಬಂದೆ. ಬಣ್ಣಬಣ್ಣದ ಮನೆಗಳ ಸಾಲು, ನಡುವೆ ಹಳೆಯ ಪುರಭವನ, ಕಾಲಡಿಯಲ್ಲಿ ಅಲ್ಲಲ್ಲಿ ಮೊಣಕಾಲೆತ್ತರವೂ ಇಲ್ಲದ ಕಂಚಿನ ಕುಳ್ಳರು. ಇವರನ್ನು ಹುಡುಕುತ್ತಾ ಮಕ್ಕಳು ಓಡಾಡುತ್ತಿದ್ದರು. ನದಿಯ ಆಚೆಯ ಕೆಥೆಡ್ರಲ್ ದ್ವೀಪದಲ್ಲಿ ಇಂದಿಗೂ ಗ್ಯಾಸ್ ದೀಪಗಳಿವೆ. ಕರಿ ನಿಲುವಂಗಿ ತೊಟ್ಟವರೊಬ್ಬರು ಪ್ರತಿ ಸಂಜೆ ಕೈಯಾರೆ ಅವುಗಳನ್ನು ಹೊತ್ತಿಸುತ್ತಾರೆ. ನೋಡಲೇಬೇಕಾದ ದೃಶ್ಯ. ಆದರೆ ನನ್ನ ತಲೆಯಲ್ಲಿ ಇದ್ದದ್ದು 1912ರ ಬೇಸಿಗೆ.

ಆ ವರ್ಷ ಜುಲೈಯಲ್ಲಿ ಈ ಊರಿನಲ್ಲಿ ದೊಡ್ಡ ಪಂದ್ಯಾವಳಿ ನಡೆಯಿತು. ಅಮೆರಿಕದ ಫ್ರಾಂಕ್ ಮಾರ್ಷಲ್, ರಷ್ಯಾದ ಲೆವಿಟ್ಸ್ಕಿ ಎದುರು ಬದುರು ಕೂತಿದ್ದರು. ಕಪ್ಪು ಕಾಯಿ ಮಾರ್ಷಲ್ ಅವರದು. ಅವರ ರಾಣಿಗೂ ಏಟು ಬೀಳುವಂತಿದೆ, ಒಂದು ಆನೆಗೂ ಬೀಳುವಂತಿದೆ. ಒಂದನ್ನು ಉಳಿಸಿದರೆ ಇನ್ನೊಂದು ಹೋಗುತ್ತದೆ ಎಂದು ಯಾರಾದರೂ ಹೇಳುವ ಹೊತ್ತು. ಮಾರ್ಷಲ್ ರಾಣಿಯನ್ನು ಎತ್ತಿ ಜಿ3 ಮನೆಯಲ್ಲಿ ಇಟ್ಟರು. ಬಿಳಿಯ ರಾಜನನ್ನು ಕಾಯುತ್ತಿರುವ ಕಾಲಾಳುಗಳ ಬಾಯಿಗೇ! ಅವಳನ್ನು ಮೂರು ರೀತಿಯಲ್ಲಿ ಹೊಡೆಯಬಹುದು: ಎಡಗಡೆಯ ಕಾಲಾಳಿನಿಂದ, ಬಲಗಡೆಯ ಕಾಲಾಳಿನಿಂದ, ಇಲ್ಲವೇ ರಾಣಿಯಿಂದ.

ಎಚ್ ಸಾಲಿನ ಕಾಲಾಳು ಹೊಡೆದರೆ ಕಪ್ಪು ಕುದುರೆ ಇ2ಕ್ಕೆ ಹಾರಿ ಅಲ್ಲೇ ಚೆಕ್‌ಮೇಟ್. ಎಫ್ ಸಾಲಿನದು ಹೊಡೆದರೆ ಅದೇ ಕುದುರೆ ಅದೇ ಮನೆಗೆ ಹಾರಿ ರಾಜನನ್ನು ಮೂಲೆಗೆ ಓಡಿಸುತ್ತದೆ, ತೆರೆದುಕೊಂಡ ಎಫ್ ಸಾಲಿನಲ್ಲಿ ಆನೆ ಇಳಿದು ಬಂದು ಕೆಲಸ ಮುಗಿಸುತ್ತದೆ. ರಾಣಿಯಿಂದ ಹೊಡೆದರೆ ಕುದುರೆ ಚೆಕ್ ಕೊಟ್ಟು ಆ ರಾಣಿಯನ್ನು ಹಿಂದಕ್ಕೆ ಪಡೆಯುತ್ತದೆ, ಲೆಕ್ಕದಲ್ಲಿ ಕಪ್ಪು ಒಂದು ಕಾಯಿ ಮುಂದಿರುತ್ತದೆ. ಲೆವಿಟ್ಸ್ಕಿ ಅಲ್ಲಿಗೇ ಸೋಲೊಪ್ಪಿದರು. ನೋಡುತ್ತಿದ್ದವರು ಬೋರ್ಡಿನ ಮೇಲೆ ಚಿನ್ನದ ನಾಣ್ಯ ಸುರಿದರು ಎಂದು ಮಾರ್ಷಲ್ ತಮ್ಮ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ಹಾಗೇನೂ ಆಗಲಿಲ್ಲ ಎಂದವರಿದ್ದಾರೆ, ಅದು ಬಾಜಿ ಸೋತವರು ತೆತ್ತ ಹಣ ಎಂದವರೂ ಇದ್ದಾರೆ. ನನಗಂತೂ ನಾಣ್ಯ ಸುರಿಯದೆ ಇದ್ದರೇ ಆಶ್ಚರ್ಯ.

ಈ ಸ್ಥಿತಿಯನ್ನು ನಾನು ಮೊದಲು ಕಂಡದ್ದು ಸಮಸ್ಯೆಗಳ ಪುಸ್ತಕವೊಂದರಲ್ಲಿ. ಚಿತ್ರದ ಕೆಳಗೆ ‘ಕಪ್ಪು ಆಡಿ ಗೆಲ್ಲುತ್ತದೆ’ ಎಂದು ಬರೆದಿತ್ತು. ಆ ಸಾಲೊಂದಿದ್ದರೆ ಅರ್ಧ ದಾರಿ ಕ್ರಮಿಸಿದ ಹಾಗೆ. ಇಲ್ಲಿ ಏನೋ ಇದೆ ಎಂದು ಗೊತ್ತಾದ ಮೇಲೆ ಅತಿ ಹುಚ್ಚಾದ ನಡೆಯನ್ನೂ ಧೈರ್ಯವಾಗಿ ನೋಡುತ್ತೇವೆ, ಮೊದಲು ರಾಣಿಯನ್ನೇ ಕೊಟ್ಟು ನೋಡುತ್ತೇವೆ. ಮಾರ್ಷಲ್ ಅವರಿಗೆ ಅದನ್ನು ಯಾರು ಹೇಳಿದರು? ಪಕ್ಕದಲ್ಲಿ ಗಡಿಯಾರ ಓಡುತ್ತಿತ್ತು, ಎದುರಿಗೆ ಬಲವಾದ ಆಟಗಾರ ಕೂತಿದ್ದರು. ಉತ್ತರ ಇದೆಯೆಂಬ ಖಾತರಿಯೇ ಇಲ್ಲದ ಜಾಗದಲ್ಲಿ ಆ ಮನುಷ್ಯ ಉತ್ತರ ಹುಡುಕಿದರು. ನಾನು ಈ ಊರುಗಳನ್ನು ಹುಡುಕಿಕೊಂಡು ಬಂದದ್ದೇ ಈ ಬೆರಗಿನಿಂದ. ಪುಸ್ತಕದ ಪುಟದಲ್ಲಿ ಸಮಸ್ಯೆಯಾಗಿ ಕೂತಿರುವುದು ಒಂದು ಕಾಲಕ್ಕೆ ಯಾವುದೋ ಊರಿನ ಯಾವುದೋ ಕೋಣೆಯಲ್ಲಿ ಒಬ್ಬರ ಎದೆ ಹೊಡೆದುಕೊಳ್ಳುತ್ತಿದ್ದ ಗಳಿಗೆ.

ವೂಚ್‌ಗೆ ಹೋಗುವ ರೈಲಿನಲ್ಲಿ ಸ್ಪೀಲ್‌ಮನ್ ಅವರ ಪುಸ್ತಕ ನೆನಪಾಯಿತು. ಆಸ್ಟ್ರಿಯಾದ ರುಡೋಲ್ಫ್ ಸ್ಪೀಲ್‌ಮನ್ ಕೂಡ 1912ರಲ್ಲಿ ಬ್ರೆಸ್ಲಾವ್‌ನಲ್ಲಿ ಆಡಿದವರು. ಬಲಿ ಕೊಡುವ ಕಲೆಯ ಬಗ್ಗೆ 1935ರಲ್ಲಿ ಅವರು ಬರೆದ ಪುಸ್ತಕವನ್ನು ಇಂದಿಗೂ ಜನ ಓದುತ್ತಾರೆ. ಅವರ ಪ್ರಕಾರ ಬಲಿಗಳಲ್ಲಿ ಎರಡು ಜಾತಿ. ಕೊಟ್ಟದ್ದು ಕೆಲವೇ ನಡೆಗಳಲ್ಲಿ ಹಿಂದಕ್ಕೆ ಬರುವುದೋ, ಮೇಟ್ ಆಗುವುದೋ ಖಚಿತವಾಗಿ ಲೆಕ್ಕಕ್ಕೆ ಸಿಕ್ಕರೆ ಅದು ಹೆಸರಿಗೆ ಮಾತ್ರ ಬಲಿ. ಲೆಕ್ಕ ಕೊನೆಮುಟ್ಟದೆ, ಸ್ಥಿತಿಯ ಮೇಲಿನ ನಂಬಿಕೆಯಿಂದ ಕೊಟ್ಟದ್ದೇ ನಿಜವಾದ ಬಲಿ. ಪುಸ್ತಕಗಳಲ್ಲಿ ಸಮಸ್ಯೆಯಾಗಿ ಬರುವುದೆಲ್ಲ ಹೆಚ್ಚುಕಡಿಮೆ ಮೊದಲ ಜಾತಿಯದು, ಅದಕ್ಕೇ ಅದನ್ನು ಬಿಡಿಸಲು ಆಗುತ್ತದೆ. ಆದರೆ ಆಡುವಾಗ ಯಾವುದು ಯಾವ ಜಾತಿಯದು ಎಂದು ತಿಳಿಯುವುದೇ ದೊಡ್ಡ ಕಷ್ಟ ಎಂದು ನನಗೆ ಅನ್ನಿಸುತ್ತದೆ.

ಎದುರು ಸೀಟಿನಲ್ಲಿ ಅಜ್ಜಿಯ ಜೊತೆ ಕೂತಿದ್ದ ಹುಡುಗಿಯೊಬ್ಬಳು ನನ್ನ ಬೋರ್ಡನ್ನೇ ನೋಡುತ್ತಿದ್ದಳು. ಮಾರ್ಷಲ್ ಅವರ ಸ್ಥಿತಿಯನ್ನು ಜೋಡಿಸಿ, ಕಪ್ಪು ರಾಣಿಯನ್ನು ಜಿ3ರಲ್ಲಿಟ್ಟು ಅವಳ ಕಡೆ ತಿರುಗಿಸಿದೆ. ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ ಅವಳು ಒಂದೊಂದೇ ಮಾತು ಜೋಡಿಸುತ್ತಾ ಮೂರೂ ಹೊಡೆತಗಳನ್ನು ತಾನೇ ಬೆರಳಿನಿಂದ ಆಡಿ ನೋಡಿದಳು. ಎರಡನೆಯದರಲ್ಲಿ ಆನೆ ಇಳಿದು ಬರುವುದನ್ನು ಕಂಡು ಅಜ್ಜಿಯ ತೋಳು ಹಿಡಿದು ಅಲ್ಲಾಡಿಸಿದಳು. ಆಮೇಲೆ ಕೇಳಿದಳು: “ಇವರು ರಾಣಿಯನ್ನು ಹೊಡೆಯದೇ ಸುಮ್ಮನಿದ್ದರೆ?” ಎಂಥ ಪ್ರಶ್ನೆ! ಬಲಿಯ ಸಮಸ್ಯೆಯಲ್ಲಿ ಎಲ್ಲರೂ ತಪ್ಪಿಸಿಕೊಳ್ಳುವ ಪ್ರಶ್ನೆ ಇದು. ಕಾಯಿ ಕೊಟ್ಟ ತಕ್ಷಣ ಎದುರಾಳಿ ತೆಗೆದುಕೊಂಡೇ ತೀರುತ್ತಾನೆ ಎಂದು ನಾವೇ ತೀರ್ಮಾನಿಸಿಬಿಡುತ್ತೇವೆ. ನಾನು ಉತ್ತರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳೇ ರಾಣಿಯನ್ನು ಎತ್ತಿ ಎಚ್2ರ ಕಾಲಾಳನ್ನು ಹೊಡೆದಳು. ಹಿಂದೆ ಆನೆಯ ಬೆಂಬಲವಿದೆ, ರಾಜನಿಗೆ ಜಾಗವಿಲ್ಲ. ಹೊಡೆದರೂ ಹೋಯಿತು, ಬಿಟ್ಟರೂ ಹೋಯಿತು. ಅಜ್ಜಿ ನಮ್ಮಿಬ್ಬರಿಗೂ ಸೇಬಿನ ಹೋಳು ಕೊಟ್ಟರು.

ಭೂಪಟಗಳಲ್ಲಿ ಲೋಡ್ಜ್ ಎಂದು ಕಾಣುವ ವೂಚ್, ಬಟ್ಟೆ ಗಿರಣಿಗಳ ಊರು. ಹತ್ತೊಂಬತ್ತನೆಯ ಶತಮಾನದಲ್ಲಿ ರಷ್ಯಾ ಸಾಮ್ರಾಜ್ಯದ ಅಡಿಯಲ್ಲಿ ಹಬ್ಬಿದ ಕೆಂಪು ಇಟ್ಟಿಗೆಯ ಗಿರಣಿಗಳು ಇಂದು ಅಂಗಡಿಗಳೂ ವಸ್ತುಸಂಗ್ರಹಾಲಯಗಳೂ ಆಗಿವೆ. ಪಿಯೋತ್ರ್ಕೋವ್ಸ್ಕಾ ಎಂಬ ರಸ್ತೆ ನಾಲ್ಕು ಕಿಲೋಮೀಟರಿಗೂ ಉದ್ದ, ನೇರ. ಅದರ ಮೇಲೆ ನಡೆಯುತ್ತಾ ನಾನು 1907ರ ಡಿಸೆಂಬರ್ 26ರ ಚಳಿಯನ್ನು ಊಹಿಸಿಕೊಂಡೆ. ಅಂದು ಇದೇ ಊರಿನಲ್ಲಿ ಅಕಿಬಾ ರೂಬಿನ್‌ಸ್ಟೈನ್, ರೋಟ್ಲೆವಿ ಅವರ ವಿರುದ್ಧ ಕಪ್ಪು ಕಾಯಿ ಹಿಡಿದು ಕೂತಿದ್ದರು. ಸ್ತಾವಿಸ್ಕಿ ಎಂಬ ಸಣ್ಣ ಊರಿನ ಯಹೂದಿ ಮನೆಯಲ್ಲಿ ಹುಟ್ಟಿದವರು ರೂಬಿನ್‌ಸ್ಟೈನ್. ಇಲ್ಲಿದ್ದ ಸಾಲ್ವೆ ಎಂಬ ಬಲಿಷ್ಠ ಆಟಗಾರರ ಜೊತೆ ಆಡಿ ಬೆಳೆಯಬೇಕೆಂದೇ ಈ ಊರಿಗೆ ಬಂದು ನೆಲೆಸಿದ್ದರು.

ಕಾಫಿ ಅಂಗಡಿಯೊಂದರ ಕಿಟಕಿಯ ಪಕ್ಕ ಕೂತು ಆ ಸ್ಥಿತಿ ಜೋಡಿಸಿದೆ. ರೂಬಿನ್‌ಸ್ಟೈನ್ ಅವರ ರಾಣಿ ಎಚ್4ರಲ್ಲಿ ನಿಂತು ರಾಜನ ಮುಂದಿನ ಕಾಲಾಳಿನ ಮೇಲೆ ಕಣ್ಣಿಟ್ಟಿದ್ದಾಳೆ. ಬಿಳಿ ತನ್ನ ಜಿ ಸಾಲಿನ ಕಾಲಾಳನ್ನು ಒಂದು ಮನೆ ಮುಂದಿಟ್ಟು ರಾಣಿಗೆ ಏಟು ಕೊಟ್ಟಿದೆ. ರಾಣಿ ಹಿಂದೆ ಸರಿಯಬೇಕು. ಅವಳು ಸರಿಯುವುದಿಲ್ಲ. ಆನೆಯೊಂದು ಸಿ3ರ ಕುದುರೆಯನ್ನು ಹೊಡೆಯುತ್ತದೆ. ಬಿಳಿ ರಾಣಿಯನ್ನು ಹೊಡೆಯುತ್ತದೆ. ಈಗ ಎರಡನೆಯ ಆನೆ ಡಿ2ಕ್ಕೆ, ಬಿಳಿ ರಾಣಿಯ ಪಕ್ಕಕ್ಕೇ ಹೋಗಿ ನಿಲ್ಲುತ್ತದೆ. ಅವಳು ಅದನ್ನು ಹೊಡೆದರೆ ಇ4ರ ಒಂಟೆಯ ಕಾವಲು ಬಿಟ್ಟಂತೆ. ಹೊಡೆಯುತ್ತಾಳೆ. ಕಪ್ಪು ಒಂಟೆ ಆ ಒಂಟೆಯನ್ನು ಹೊಡೆದು ರಾಜನಿಗೆ ಚೆಕ್ ಹೇಳುತ್ತದೆ. ರಾಣಿ ಓಡಿ ಬಂದು ಜಿ2ರಲ್ಲಿ ಅಡ್ಡ ನಿಲ್ಲುತ್ತಾಳೆ. ಆಗ ಸಿ3ರ ಆನೆ ಮೂರನೆಯ ಅಡ್ಡಸಾಲಿನ ಉದ್ದಕ್ಕೂ ಜಾರಿ ಎಚ್3ಕ್ಕೆ ಬರುತ್ತದೆ. ರೋಟ್ಲೆವಿ ಸೋಲೊಪ್ಪಿದರು. ಮುಂದಿನ ನಡೆಯಲ್ಲಿ ಆನೆ ಕಾಲಾಳನ್ನು ಹೊಡೆದರೆ ರಾಣಿ ಪಕ್ಕದಲ್ಲೇ ಇದ್ದೂ ಅದನ್ನು ಮುಟ್ಟುವಂತಿಲ್ಲ. ಅವಳು ಕದಲಿದರೆ ಒಂಟೆಯ ಓರೆಗೆರೆಯಲ್ಲಿ ರಾಜ ಬಯಲಾಗುತ್ತಾನೆ.

ಎಷ್ಟೋ ಹೊತ್ತು ಆ ಕೊನೆಯ ಆನೆಯ ದಾರಿಯನ್ನೇ ನೋಡುತ್ತಾ ಕೂತೆ. ಸಿ3ರಿಂದ ಎಚ್3ರವರೆಗೆ ಅದಕ್ಕೆ ದಾರಿ ಎಲ್ಲಿಂದ ಬಂತು? ನಡುವೆ ಜಿ3ರಲ್ಲಿ ಒಂದು ಬಿಳಿಯ ಕಾಲಾಳು ನಿಂತಿತ್ತಲ್ಲ! ಅದೇ ಕಾಲಾಳು ರಾಣಿಯನ್ನು ಹೊಡೆಯಲು ಎಚ್4ಕ್ಕೆ ಹೋಯಿತು. ಅದು ಖಾಲಿ ಮಾಡಿಹೋದ ಮನೆಯ ಮೇಲೆ ಹಾದೇ ಆನೆ ರಾಜನ ಬಾಗಿಲಿಗೆ ಬಂದದ್ದು. ರಾಣಿಯನ್ನು ಕೊಟ್ಟದ್ದು ದಾರಿ ಬಿಡಿಸಲು! ಮೊದಲ ಆನೆ ಕುದುರೆಯನ್ನು ಹೊಡೆಯುವಾಗಲೇ ಈ ಕೊನೆಯ ಜಾರುವಿಕೆ ಅವರಿಗೆ ಕಂಡಿರಬೇಕು. ಬೇರೆ ವಿವರಣೆ ನನಗೆ ಹೊಳೆಯುವುದಿಲ್ಲ. ಕಾಫಿ ತಂದಿಟ್ಟವರು ತಣ್ಣಗಾಯಿತೆಂದು ಇನ್ನೊಂದು ಲೋಟ ತಂದಿಟ್ಟರು.

ಐದು ವರ್ಷದ ಮೇಲೆ, 1912ರಲ್ಲಿ, ರೂಬಿನ್‌ಸ್ಟೈನ್ ಒಂದೇ ವರ್ಷದಲ್ಲಿ ಐದು ಪಂದ್ಯಾವಳಿಗಳಲ್ಲಿ ಮೊದಲ ಸ್ಥಾನಕ್ಕೆ ಬಂದರು. ಅವುಗಳಲ್ಲೊಂದು, ಡೂರಾಸ್ ಅವರ ಜೊತೆ ಹಂಚಿಕೊಂಡದ್ದು, ಮಾರ್ಷಲ್ ರಾಣಿ ಕೊಟ್ಟ ಅದೇ ಬ್ರೆಸ್ಲಾವ್. ವಿಶ್ವ ಚಾಂಪಿಯನ್ ಲಾಸ್ಕರ್ ಅವರೊಡನೆ 1914ರಲ್ಲಿ ಆಗಬೇಕಿದ್ದ ಪಂದ್ಯ ಮಹಾಯುದ್ಧದಿಂದ ನಿಂತುಹೋಯಿತು. ಮುಂದೆ ಮನಸ್ಸಿನ ಕಾಯಿಲೆ ಅವರನ್ನು ಆಟದಿಂದಲೇ ದೂರ ಮಾಡಿತು. 1961ರಲ್ಲಿ ಬೆಲ್ಜಿಯಮ್ಮಿನ ಆಂಟ್ವರ್ಪ್‌ನಲ್ಲಿ ತೀರಿಕೊಂಡರು. ಚಾಂಪಿಯನ್ ಪಟ್ಟ ಸಿಗದವರಲ್ಲಿ ಇವರಷ್ಟು ಅರ್ಹರು ಇನ್ನೊಬ್ಬರಿರಲಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ವಾರ್ಸಾದಲ್ಲಿ ಹಳೆಯ ಊರು ಎಂದು ತೋರಿಸುವುದು ಯುದ್ಧದ ನಂತರ ಕಟ್ಟಿದ್ದು. ಜರ್ಮನ್ ಸೇನೆ ನಗರವನ್ನು ಬೀದಿಬೀದಿಯಾಗಿ ಕೆಡವಿತ್ತು. ಹದಿನೆಂಟನೆಯ ಶತಮಾನದಲ್ಲಿ ಬೆಲೊಟ್ಟೊ ಬರೆದ ಚಿತ್ರಗಳನ್ನೂ ನೋಡಿಕೊಂಡು ಜನ ಅದನ್ನು ಮತ್ತೆ ಎಬ್ಬಿಸಿದರು. ಅಲ್ಲಿಯ ಗೋಡೆಗಳನ್ನು ಮುಟ್ಟಿ ನೋಡಿದೆ. ನಾನು ಹುಡುಕಿ ಬಂದ ಚೆಸ್ ಆಟಗಾರರು ಕಂಡಿದ್ದ ಗೋಡೆಗಳು ಇವಲ್ಲ. ಬ್ರೆಸ್ಲಾವ್‌ನಲ್ಲಿ 1912ರಲ್ಲಿ ಆಡಿದ್ದ, ಸಮಸ್ಯೆಗಳನ್ನು ರಚಿಸುವುದರಲ್ಲಿ ಎತ್ತಿದ ಕೈಯಾದ, 1930ರಲ್ಲಿ ಹ್ಯಾಂಬರ್ಗ್‌ನಲ್ಲಿ ಒಲಿಂಪಿಯಾಡ್ ಗೆದ್ದ ಪೋಲಿಷ್ ತಂಡದಲ್ಲಿದ್ದ ದಾವಿದ್ ಪ್ಶೆಪ್ಯೂರ್ಕಾ ಇದೇ ಊರಿನವರು. 1940ರಲ್ಲಿ ನಾಜಿಗಳು ಅವರನ್ನು ಹಿಡಿದು, ಊರ ಹೊರಗಿನ ಪಾಲ್ಮಿರಿ ಕಾಡಿನಲ್ಲಿ ಕೊಂದರು.

ಮಿಗೆಲ್ ನೈಡಾರ್ಫ್ ಉಳಿದದ್ದು ಆಗ ಅವರು ದೂರದಲ್ಲಿದ್ದುದರಿಂದ. ವಾರ್ಸಾ ಹತ್ತಿರದ ಗ್ರೋಜಿಸ್ಕ್‌ನಲ್ಲಿ 1910ರಲ್ಲಿ ಹುಟ್ಟಿದ ಅವರು, 1939ರ ಒಲಿಂಪಿಯಾಡ್ ಆಡಲು ಪೋಲೆಂಡ್ ತಂಡದ ಜೊತೆ ಬ್ಯೂನಸ್ ಐರಿಸ್‌ಗೆ ಹೋಗಿದ್ದರು. ಅಲ್ಲಿ ಆಟ ನಡೆಯುತ್ತಿರುವಾಗಲೇ ಇಲ್ಲಿ ಯುದ್ಧ ಶುರುವಾಯಿತು. ಅವರು ಅಲ್ಲೇ ಉಳಿದರು. ಹೆಂಡತಿ, ಮಗು, ಹೆತ್ತವರು ಎಲ್ಲರೂ ಇಲ್ಲಿ ಸತ್ತರು. 1943ರಲ್ಲಿ 40 ಬೋರ್ಡು, 1947ರಲ್ಲಿ ಸಾವೊ ಪಾಲೊದಲ್ಲಿ 45 ಬೋರ್ಡು, ಯಾವುದನ್ನೂ ಕಣ್ಣಿಂದ ನೋಡದೆ ಏಕಕಾಲಕ್ಕೆ ಆಡಿದರು. ಇಂಥ ಪ್ರದರ್ಶನದ ಸುದ್ದಿ ಪತ್ರಿಕೆಗಳಲ್ಲಿ ಬಂದರೆ, ಮನೆಯವರಲ್ಲಿ ಬದುಕಿರುವ ಯಾರಾದರೂ ಓದಿ ತನ್ನನ್ನು ಹುಡುಕಿಕೊಂಡು ಬಂದಾರು ಎಂಬ ಆಸೆ ತಮಗಿತ್ತು ಎಂದು ಅವರು ಹೇಳಿಕೊಂಡಿದ್ದಾರೆ.

ಇದಕ್ಕೆಲ್ಲ ಮೊದಲು, ಇಪ್ಪತ್ತರ ಆಸುಪಾಸಿನ ಹುಡುಗನಾಗಿದ್ದಾಗ, ಅವರು ಈ ವಾರ್ಸಾದಲ್ಲಿ ಆಡಿದ ಒಂದು ಆಟವಿದೆ. ‘ಪೋಲೆಂಡಿನ ಅಮರ ಆಟ’ ಎಂದು ಅದಕ್ಕೆ ಹೆಸರು. 22 ನಡೆಗಳಲ್ಲಿ ತಮ್ಮ ಎರಡು ಒಂಟೆ, ಎರಡು ಕುದುರೆ ನಾಲ್ಕನ್ನೂ ಕೊಟ್ಟು, ಮೂಲೆಯಲ್ಲಿದ್ದ ಬಿಳಿ ರಾಜನನ್ನು ಬೋರ್ಡಿನ ನಡುವಿಗೆ ಎಳೆತಂದು, ಕಾಲಾಳಿನಿಂದ ಮೇಟ್ ಮಾಡಿದ ಆಟ. ಸಾಸ್ಕಿ ಉದ್ಯಾನದ ಬೆಂಚಿನ ಮೇಲೆ ಅದನ್ನು ಜೋಡಿಸುತ್ತಿದ್ದಾಗ, ನಾಯಿ ಹಿಡಿದು ಹೋಗುತ್ತಿದ್ದ ಹಿರಿಯರೊಬ್ಬರು ನಿಂತರು. “ನೈಡಾರ್ಫ್?” ಎಂದರು. ಹೌದೆಂದೆ. ಪಕ್ಕಕ್ಕೆ ಬಂದು ಕೂತರು. ಹೆಚ್ಚು ಮಾತಿಗೆ ನಮಗೆ ಭಾಷೆಯಿರಲಿಲ್ಲ, ಕಾಯಿಗಳಿದ್ದವು.

ಕೊನೆಯ ಕುದುರೆ ಇ5ಕ್ಕೆ ಬಂದು ಪ್ರಾಣ ಕೊಡುವ ನಡೆಯಲ್ಲಿ ನಾನು ನಿಲ್ಲಿಸಿದೆ. ಮೊದಲ ಮೂರು ಬಲಿಗಳ ಉದ್ದೇಶ ತಿಳಿಯುತ್ತದೆ, ರಾಜ ಹೊರಗೆ ಬರಬೇಕು. ಈ ಕುದುರೆ ಯಾತಕ್ಕೆ? ಕುದುರೆಯನ್ನು ಹೊಡೆಯಲು ಎಫ್4ರಲ್ಲಿದ್ದ ಬಿಳಿ ಕಾಲಾಳು ಪಕ್ಕದ ಸಾಲಿಗೆ ಹೋಗುತ್ತದೆ. ಮರುನಡೆಯಲ್ಲಿ ಕಪ್ಪಿನ ಎಚ್ ಸಾಲಿನ ಕಾಲಾಳು ಎರಡು ಮನೆ ಮುಂದೆ ಬರುತ್ತದೆ, ರಾಜ ಅಲ್ಲಿಗೆ ಮುಗಿಯುತ್ತಾನೆ. ಎಚ್ ಸಾಲನ್ನು ರಾಣಿ ಕಾಯುತ್ತಿದ್ದಾಳೆ ಸರಿ, ಎಫ್ ಸಾಲಿಗೆ ಓಡಿದರೆ ತಡೆಯುವವರು ಯಾರು? ಹಿರಿಯರು ಬೆರಳನ್ನು ಕಪ್ಪಿನ ಹಿಂದಿನ ಸಾಲಿಗೆ ಒಯ್ದು, ಎಫ್8ರಲ್ಲಿದ್ದ ಆನೆಯ ತಲೆಯ ಮೇಲಿಟ್ಟರು. ಏಳನೆಯ ನಡೆಯಲ್ಲಿ ಕೋಟೆ ಕಟ್ಟಿಕೊಂಡಾಗ ಅಲ್ಲಿ ಬಂದು ನಿಂತ ಮೇಲೆ ಆ ಆನೆ ಒಂದು ಸಲವೂ ಕದಲಿಲ್ಲ. ಅವರ ಬೆರಳು ಅಲ್ಲಿಂದ ಎಫ್ ಸಾಲಿನ ಖಾಲಿ ಮನೆಗಳ ಮೇಲೆ ನಿಧಾನವಾಗಿ ಕೆಳಗಿಳಿಯಿತು: ಏಳು, ಆರು, ಐದು, ನಾಲ್ಕು, ಮೂರು. ಆ ಒಂದು ಕಾಲಾಳು ಸಾಲು ಬಿಟ್ಟು ಹೋಗಲೆಂದೇ ಕುದುರೆ ಸತ್ತಿತ್ತು. ನನಗೆ ಕಾಣುತ್ತಿದ್ದದ್ದು ಇಷ್ಟು ಹೊತ್ತೂ ಓಡಾಡುತ್ತಿದ್ದ ಕಾಯಿಗಳು ಮಾತ್ರ. ಹಿರಿಯರು ನಕ್ಕು, ಕಾಯಿಗಳನ್ನೆಲ್ಲ ಮೊದಲಿನ ಮನೆಗಳಿಗೆ ಸೇರಿಸಿ, ಬಿಳಿಯ ಕಡೆಯನ್ನು ನನಗೆ ತಿರುಗಿಸಿದರು. ಕಪ್ಪು ತಾವು ಆಡುವವರಿದ್ದರು.